ಅಮೆರಿಕದಲ್ಲಿ ಸರ್ಕಾರಿ ನೆರವಿನ ಫೋನ್: ‘ಲೈಫ್‌ಲೈನ್’ಗೆ ಅರ್ಜಿ ಹಾಕುವುದು ಹೇಗೆ?

‘ಅಮೆರಿಕದಲ್ಲಿ ಸರ್ಕಾರವೇ ಪುಕ್ಕಟೆ ಫೋನ್ ಕೊಡುತ್ತಂತೆ’ ಎಂಬ ಮಾತು ಅಲ್ಲಿನ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಓಡಾಡುತ್ತದೆ. ಮಾತು ಅರ್ಧ ಸರಿ. ಸರ್ಕಾರ ಫೋನ್ ಕೊಡುವುದಿಲ್ಲ. ಬಡ ಕುಟುಂಬದ ಫೋನ್ ಬಿಲ್ಲಿಗೆ ತಿಂಗಳಿಗೆ 9.25 ಡಾಲರ್‌ವರೆಗೆ ಕೊಡುತ್ತದೆ. ಅದೂ ನಿಮ್ಮ ಕೈಗಲ್ಲ, ಫೋನ್ ಕಂಪನಿಗೆ. ಕೆಲವು ಕಂಪನಿಗಳು ಅಷ್ಟೇ ದುಡ್ಡಿನಲ್ಲಿ ಒಂದು ಪ್ಲಾನ್ ಹೊಂದಿಸಿ, ಗ್ರಾಹಕರಿಂದ ಏನೂ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಅದು ಪುಕ್ಕಟೆ. ಜೊತೆಗೆ ಹ್ಯಾಂಡ್‌ಸೆಟ್ ಬಂದರೆ ಅದು ಕಂಪನಿ ಕೊಟ್ಟಿದ್ದು, ಸರ್ಕಾರದ್ದಲ್ಲ. ಸೆಟ್ ಚೆನ್ನಾಗಿಲ್ಲ ಅಂತ ಸರ್ಕಾರದ ಮೇಲೆ ಬೇಜಾರು ಮಾಡಿಕೊಂಡು ಉಪಯೋಗವಿಲ್ಲ.

ಯೋಜನೆಯ ಹೆಸರು ಲೈಫ್‌ಲೈನ್. ರೇಗನ್ ಅಧ್ಯಕ್ಷರಾಗಿದ್ದಾಗ, 1985ರಲ್ಲಿ, ಮನೆಯ ಲ್ಯಾಂಡ್‌ಲೈನ್‌ಗೆಂದು ಶುರುವಾಯಿತು. ಮೊಬೈಲ್‌ಗೆ ಬಂದದ್ದು 2005ರ ನಂತರ. ಜನ ಇದನ್ನು ‘ಒಬಾಮಾ ಫೋನ್’ ಎಂದು ಕರೆದರೂ ಒಬಾಮಾ ಬರುವ ಮೊದಲೇ ಇದು ಇತ್ತು. ದುಡ್ಡು ಬರುವುದು ಎಲ್ಲರ ಫೋನ್ ಬಿಲ್ಲಿನಿಂದ. ಅಮೆರಿಕದಲ್ಲಿ ನಿಮ್ಮ ಮಗನ ಬಿಲ್ ನೋಡಿ, ಕೆಳಗಡೆ ‘ಯೂನಿವರ್ಸಲ್ ಸರ್ವಿಸ್’ ಎಂದು ಒಂದು ಸಾಲು ಇರುತ್ತದೆ. ಆ ಚಿಲ್ಲರೆಯೇ ಸೇರಿ ಸೇರಿ ಈ ನಿಧಿ ಆಗುತ್ತದೆ. ಆದ್ದರಿಂದ ಅರ್ಹತೆ ಇದ್ದವರು ಕೇಳಲು ನಾಚಿಕೆ ಪಡಬೇಕಾಗಿಲ್ಲ.

ಅಲ್ಲಿರುವ ನಮ್ಮವರೆಲ್ಲ ಸಾಫ್ಟ್‌ವೇರ್‌ನವರಲ್ಲ ಅಲ್ವಾ? ಗ್ಯಾಸ್ ಸ್ಟೇಷನ್‌ನಲ್ಲಿ, ಹೋಟೆಲ್ ಅಡುಗೆಮನೆಯಲ್ಲಿ ದುಡಿಯುವವರಿದ್ದಾರೆ. ಮಕ್ಕಳ ಮನೆ ಬಿಟ್ಟು ಹಿರಿಯರ ಅಪಾರ್ಟ್‌ಮೆಂಟ್‌ನಲ್ಲಿ ಇರುವ ಅಜ್ಜ ಅಜ್ಜಿಯರಿದ್ದಾರೆ. ಈ ಲೇಖನ ಅವರಿಗೆ, ಮತ್ತು ಅವರ ಪರವಾಗಿ ಫಾರ್ಮ್ ತುಂಬುವ ಮಕ್ಕಳಿಗೆ. ವಿಸಿಟರ್ ವೀಸಾದಲ್ಲಿ ಆರು ತಿಂಗಳಿಗೆ ಬಂದಿರುವ ಅಪ್ಪ ಅಮ್ಮನಿಗೆ ಇದು ಬೇಡ. ಒಂದು ಪ್ರೀಪೇಯ್ಡ್ ಸಿಮ್ ಸಾಕು.

ಮೊದಲು: ನಿಮಗೆ ಸಿಗುತ್ತದೆಯೇ ನೋಡಿ

ಎರಡು ದಾರಿಗಳಿವೆ. ಒಂದರಲ್ಲಿ ಹೊಂದಿದರೆ ಸಾಕು.

ಮೊದಲನೆಯದು ಸುಲಭದ್ದು. ಮನೆಯಲ್ಲಿ ಯಾರಿಗಾದರೂ ಸ್ನ್ಯಾಪ್ (ಆಹಾರ ಕೊಳ್ಳಲು ಕೊಡುವ ನೆರವು, ಹಳೆಯ ಫುಡ್ ಸ್ಟಾಂಪ್), ಮೆಡಿಕೇಡ್ (ಬಡವರ ಆರೋಗ್ಯ ವಿಮೆ), ಎಸ್‌ಎಸ್‌ಐ (ಬಡ ಹಿರಿಯರು, ಅಂಗವಿಕಲರಿಗೆ ಬರುವ ಮಾಸಿಕ ನೆರವು), ಸೆಕ್ಷನ್ 8ರಂಥ ಸರ್ಕಾರಿ ವಸತಿ ನೆರವು ಅಥವಾ ಮಾಜಿ ಸೈನಿಕರ ನೆರವಿನ ಪಿಂಚಣಿ ಬರುತ್ತಿದ್ದರೆ ಅರ್ಹತೆ ಬಂತು. ಆದಾಯ ಬೇರೆ ತೋರಿಸಬೇಕಾಗಿಲ್ಲ.

ಇಲ್ಲಿ ಹೆಸರುಗಳ ಗೊಂದಲ ಜಾಸ್ತಿ. ಮೆಡಿಕೇರ್ ಬೇರೆ, ಮೆಡಿಕೇಡ್ ಬೇರೆ. 65 ದಾಟಿದವರ ಮೆಡಿಕೇರ್ ಕಾರ್ಡ್ ಲಗತ್ತಿಸಿದರೆ ಅರ್ಜಿ ವಾಪಸ್. ಹಾಗೆಯೇ ದುಡಿದವರಿಗೆ ಬರುವ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಬೇರೆ, ಬಡ ಹಿರಿಯರಿಗೆ ಬರುವ ಎಸ್‌ಎಸ್‌ಐ ಬೇರೆ. ಇದರ ಜೊತೆಗೆ ರಾಜ್ಯಕ್ಕೊಂದು ಹೆಸರು. ಮೆಡಿಕೇಡ್‌ಗೆ ಕ್ಯಾಲಿಫೋರ್ನಿಯಾದಲ್ಲಿ ಮೆಡಿ-ಕ್ಯಾಲ್ ಎನ್ನುತ್ತಾರೆ, ಮ್ಯಾಸಚೂಸೆಟ್ಸ್‌ನಲ್ಲಿ ಮಾಸ್‌ಹೆಲ್ತ್. ಕ್ಯಾಲಿಫೋರ್ನಿಯಾದ ಸ್ನ್ಯಾಪ್ ಕ್ಯಾಲ್‌ಫ್ರೆಶ್. ‘ನಮಗೆ ಮೆಡಿಕೇಡ್ ಇಲ್ಲ, ಮೆಡಿ-ಕ್ಯಾಲ್ ಇದೆ’ ಎಂದು ಸುಮ್ನೆ ಕೂರಬೇಡಿ. ಎರಡೂ ಒಂದೇ.

ಎರಡನೆಯದು ಆದಾಯದ ದಾರಿ. ಕುಟುಂಬದ ಒಟ್ಟು ಆದಾಯ ಕೇಂದ್ರದ ಬಡತನ ರೇಖೆಯ ಶೇ 135ರ ಒಳಗಿರಬೇಕು. 2025ರ ಲೆಕ್ಕದಲ್ಲಿ ಒಬ್ಬರೇ ಇದ್ದರೆ ವರ್ಷಕ್ಕೆ ಸುಮಾರು 21,100 ಡಾಲರ್, ಇಬ್ಬರಿದ್ದರೆ 28,500, ನಾಲ್ವರಿದ್ದರೆ 43,400. ಅಲಾಸ್ಕಾ, ಹವಾಯಿಗಳಲ್ಲಿ ಮಿತಿ ಇನ್ನೂ ಮೇಲೆ. ಈ ಅಂಕಿ ಪ್ರತಿ ವರ್ಷ ಬದಲಾಗುತ್ತದೆ, ಅರ್ಜಿ ಹಾಕುವ ದಿನದ್ದನ್ನೇ ನೋಡಿ.

ಗ್ರೀನ್ ಕಾರ್ಡ್ ಬಂದ ಮರುದಿನವೇ ಹಿರಿಯರಿಗೆ ಸ್ನ್ಯಾಪ್ ಅಥವಾ ಮೆಡಿಕೇಡ್ ಸಿಗುವುದಿಲ್ಲ. ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಎಸ್‌ಎಸ್‌ಐಗೆ ಇನ್ನೂ ಬಿಗಿ. ವೀಸಾ ಅಥವಾ ಗ್ರೀನ್ ಕಾರ್ಡ್ ಅರ್ಜಿ ಇನ್ನೂ ನಡೆಯುತ್ತಿರುವವರು ಯಾವುದೇ ಸರ್ಕಾರಿ ನೆರವಿಗೆ ಕೈಹಾಕುವ ಮುಂಚೆ ವಲಸೆ ವಕೀಲರನ್ನು ಒಂದು ಮಾತು ಕೇಳಿ. ಒಂಬತ್ತು ಡಾಲರ್‌ಗೋಸ್ಕರ ತಲೆನೋವು ತಂದುಕೊಳ್ಳುವುದು ಬೇಡ.

ಎರಡನೆಯದು: ಒಂದು ಮನೆಗೆ ಒಂದೇ

ಅರ್ಜಿಗಳು ಹೆಚ್ಚಾಗಿ ಸಿಕ್ಕಿಬೀಳುವ ಜಾಗಗಳಲ್ಲಿ ಇದೂ ಒಂದು. ಲೈಫ್‌ಲೈನ್ ತಲೆಗೊಂದು ಅಲ್ಲ, ಕುಟುಂಬಕ್ಕೊಂದು. ಕುಟುಂಬ ಎಂದರೆ ಒಂದೇ ವಿಳಾಸದಲ್ಲಿದ್ದು, ಆದಾಯ ಮತ್ತು ಖರ್ಚು ಹಂಚಿಕೊಳ್ಳುವವರು. ರಕ್ತಸಂಬಂಧ ಇದೆಯೋ ಇಲ್ಲವೋ ಅನ್ನುವುದು ಮುಖ್ಯವಲ್ಲ. ಗಂಡನಿಗೊಂದು ಹೆಂಡತಿಗೊಂದು ಸಿಗುವುದಿಲ್ಲ. ಮೊಬೈಲ್‌ಗೊಂದು, ಮನೆಯ ಇಂಟರ್ನೆಟ್‌ಗೊಂದು ಎಂದೂ ಸಿಗುವುದಿಲ್ಲ.

ಅಪ್ಪ ಅಮ್ಮ ಮಗನ ಜೊತೆಗೇ ಇದ್ದಾರೆ, ಮಗನ ಸಂಬಳದಲ್ಲೇ ಮನೆ ನಡೆಯುತ್ತಿದೆ ಅಂದುಕೊಳ್ಳಿ. ಆಗ ಆದಾಯದ ಲೆಕ್ಕಕ್ಕೆ ಮಗನ ಸಂಬಳವೂ ಸೇರುತ್ತದೆ. ಆ ಬಾಗಿಲು ಮುಚ್ಚಿತು. ‘ಅಪ್ಪನಿಗೆ ಆದಾಯ ಸೊನ್ನೆ’ ಎಂದು ಬರೆದು ಸಹಿ ಹಾಕಿದರೆ ಅದು ಸುಳ್ಳು ಪ್ರಮಾಣ. ಸಹಿ ಹಾಕುವ ಜಾಗದಲ್ಲೇ ಶಿಕ್ಷೆಯ ಮಾತೂ ಇದೆ. ಅಪ್ಪನಿಗೆ ಮೆಡಿಕೇಡ್ ಇದ್ದರೆ ಮಾತು ಬೇರೆ, ಆ ದಾರಿಯಲ್ಲಿ ಹೋಗಬಹುದು. ಆದರೂ ಮನೆಗೆ ಒಂದೇ.

ಹಿರಿಯರ ಅಪಾರ್ಟ್‌ಮೆಂಟ್‌ಗಳಲ್ಲಿ ಇದರ ಉಲ್ಟಾ ಆಗುತ್ತದೆ. ಕಟ್ಟಡದ ನಂಬರ್ ಎಲ್ಲರಿಗೂ ಒಂದೇ. ಪಕ್ಕದ ಮನೆಯವರು ಆಗಲೇ ಲೈಫ್‌ಲೈನ್ ತಗೊಂಡಿದ್ದರೆ ‘ಈ ವಿಳಾಸಕ್ಕೆ ಈಗಾಗಲೇ ಇದೆ’ ಎಂದು ಕಂಪ್ಯೂಟರ್ ತಡೆಯಬಹುದು. ಆದ್ದರಿಂದ ಅಪಾರ್ಟ್‌ಮೆಂಟ್ ನಂಬರ್ ಬಿಡದೆ ಬರೆಯಿರಿ. ಒಂದೇ ಮನೆಯಲ್ಲಿ ರೂಮ್ ಹಂಚಿಕೊಂಡು, ಖರ್ಚು ಬೇರೆ ಬೇರೆ ನೋಡಿಕೊಳ್ಳುವವರಿಗೆ ‘ಹೌಸ್‌ಹೋಲ್ಡ್ ವರ್ಕ್‌ಶೀಟ್’ ಎಂಬ ಇನ್ನೊಂದು ಫಾರ್ಮ್ ಇದೆ. ಅದರ ನಂಬರ್ 5631. ಜೊತೆಗಿರುವವರು ಯಾರು, ಅವರಿಗೆ ಲೈಫ್‌ಲೈನ್ ಇದೆಯೇ, ದುಡ್ಡು ಹಂಚಿಕೊಳ್ಳುತ್ತೀರಾ ಎಂದು ಕೇಳುತ್ತದೆ. ಅಷ್ಟೇ.

ಮೂರನೆಯದು: ಹೆಸರು, ಕಾಗದ

ಅರ್ಜಿಯಲ್ಲಿ ಹೆಸರು, ಹುಟ್ಟಿದ ದಿನಾಂಕ, ವಿಳಾಸ, ಸೋಷಿಯಲ್ ಸೆಕ್ಯುರಿಟಿ ನಂಬರಿನ ಕೊನೆಯ ನಾಲ್ಕು ಅಂಕಿ ಕೇಳುತ್ತಾರೆ. ಅದನ್ನು ಸರ್ಕಾರಿ ದಾಖಲೆಗಳ ಜೊತೆ ಕಂಪ್ಯೂಟರ್ ತಾಳೆ ನೋಡುತ್ತದೆ. ನಮ್ಮ ಹಿರಿಯರು ಎಡವುವುದು ಇಲ್ಲೇ.

ಹಳೆಯ ಕನ್ನಡಿಗರಿಗೆ ಸರ್‌ನೇಮ್ ಎಲ್ಲಿತ್ತು? ಊರಿನದೊಂದು ಇನಿಷಿಯಲ್, ಅಪ್ಪನದೊಂದು ಇನಿಷಿಯಲ್, ಆಮೇಲೆ ಹೆಸರು. ಪಾಸ್‌ಪೋರ್ಟ್‌ನಲ್ಲಿ ‘ಲಕ್ಷ್ಮಮ್ಮ’ ಎಂದು ಒಂದೇ ಪದ ಇದ್ದರೆ, ಅಮೆರಿಕದ ವೀಸಾದಲ್ಲಿ ಅದು ಸರ್‌ನೇಮ್ ಜಾಗಕ್ಕೆ ಹೋಗುತ್ತದೆ. ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂಬ ಮೂರು ಅಕ್ಷರ ಬೀಳುತ್ತದೆ, ಮೊದಲ ಹೆಸರು ಗೊತ್ತಿಲ್ಲ ಎಂದು ಅರ್ಥ. ಆಮೇಲೆ ಒಂದು ಕಾರ್ಡ್‌ನಲ್ಲಿ ‘ಎಫ್‌ಎನ್‌ಯು ಲಕ್ಷ್ಮಮ್ಮ’, ಇನ್ನೊಂದರಲ್ಲಿ ಗಂಡನ ಹೆಸರು ಸೇರಿಕೊಂಡ ಲಕ್ಷ್ಮಮ್ಮ, ಮತ್ತೊಂದರಲ್ಲಿ ಇನಿಷಿಯಲ್ ಬಿಡಿಸಿ ಬರೆದ ಲಕ್ಷ್ಮಮ್ಮ. ಕಂಪ್ಯೂಟರ್‌ಗೆ ಅವರು ಮೂರು ಜನ.

ಆದ್ದರಿಂದ ಫಾರ್ಮ್ ತೆರೆಯುವ ಮುಂಚೆ ಸೋಷಿಯಲ್ ಸೆಕ್ಯುರಿಟಿ ಕಾರ್ಡ್, ಗ್ರೀನ್ ಕಾರ್ಡ್ ಅಥವಾ ರಾಜ್ಯದ ಐಡಿ, ಮೆಡಿಕೇಡ್ ಪತ್ರ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಹೆಸರು ಓದಿ. ಅರ್ಜಿಯಲ್ಲಿ ಸೋಷಿಯಲ್ ಸೆಕ್ಯುರಿಟಿ ಕಾರ್ಡ್‌ನಲ್ಲಿ ಇರುವಂತೆಯೇ ಬರೆಯಿರಿ, ಒಂದಕ್ಷರವೂ ಆಚೀಚೆ ಬೇಡ. ಹೊಂದದಿದ್ದರೆ ಗಾಬರಿ ಏನೂ ಇಲ್ಲ, ಗುರುತಿನ ಚೀಟಿಯ ಫೋಟೊ ಕಳಿಸಿ ಎಂದು ಕೇಳುತ್ತಾರೆ. ಕೆಲಸ ನಿಧಾನ ಆಗುತ್ತದೆ ಅಷ್ಟೇ.

ನೆರವು ಬರುತ್ತಿದೆ ಎಂದು ತೋರಿಸುವ ಪತ್ರದಲ್ಲಿ ನಿಮ್ಮ ಹೆಸರು, ಯೋಜನೆಯ ಹೆಸರು, ಕೊಟ್ಟ ಕಚೇರಿಯ ಹೆಸರು, ದಿನಾಂಕ ಇರಬೇಕು. ದಿನಾಂಕ ಹಿಂದಿನ 12 ತಿಂಗಳೊಳಗಿನದಾಗಿರಲಿ, ಇಲ್ಲವೇ ಅವಧಿ ಇನ್ನೂ ಮುಗಿದಿರಬಾರದು. ಹೆಸರೂ ದಿನಾಂಕವೂ ಇಲ್ಲದ ಬರೀ ಕಾರ್ಡ್ ನಡೆಯುವುದಿಲ್ಲ. ಆದಾಯದ ದಾರಿಯಲ್ಲಿ ಹೋಗುವವರು ಕಳೆದ ವರ್ಷದ ಟ್ಯಾಕ್ಸ್ ರಿಟರ್ನ್ ಕೊಡಬಹುದು. ಅಥವಾ ಸತತ ಮೂರು ತಿಂಗಳ ಪೇ ಸ್ಟಬ್ (ಸಂಬಳದ ಚೀಟಿ).

ನಾಲ್ಕನೆಯದು: ಅರ್ಜಿ

ಯೋಜನೆಯನ್ನು ನಡೆಸುವುದು ಯೂಸ್ಯಾಕ್ ಎಂಬ ಸಂಸ್ಥೆ. ಮೇಲೆ ನಿಗಾ ಇಡುವುದು ಎಫ್‌ಸಿಸಿ, ನಮ್ಮಲ್ಲಿನ ಟ್ರಾಯ್ ಥರ. ಅರ್ಹತೆ ಪರೀಕ್ಷಿಸುವ ವ್ಯವಸ್ಥೆಗೆ ‘ನ್ಯಾಷನಲ್ ವೆರಿಫೈಯರ್’ ಎಂದು ಹೆಸರು. ಲೈಫ್‌ಲೈನ್‌ಸಪೋರ್ಟ್ ಡಾಟ್ ಆರ್ಗ್ ತಾಣದಲ್ಲಿ ಅರ್ಜಿ ತುಂಬಬಹುದು. ದಾಖಲೆಗಳು ತಾಳೆಯಾದರೆ ಉತ್ತರ ಅಲ್ಲೇ ಬಂದುಬಿಡುತ್ತದೆ. ಕಂಪ್ಯೂಟರ್ ಬೇಡ ಅನ್ನುವವರು 5629 ನಂಬರಿನ ಫಾರ್ಮ್ ಪ್ರಿಂಟ್ ತೆಗೆದು ಅಂಚೆಯಲ್ಲಿ ಕಳಿಸಬಹುದು. ಜೆರಾಕ್ಸ್ ಮಾತ್ರ ಕಳಿಸಿ, ಮೂಲ ಪತ್ರ ಬೇಡ. ಫೋನ್ ಕಂಪನಿಯವರ ಮೂಲಕವೂ ಅರ್ಜಿ ಹಾಕಬಹುದು. ಸಹಾಯಕ್ಕೆ 1-800-234-9473.

ಕ್ಯಾಲಿಫೋರ್ನಿಯಾ, ಟೆಕ್ಸಾಸ್, ಆರೆಗಾನ್‌ಗಳಲ್ಲಿ ರಾಜ್ಯದ್ದೇ ನೆರವು ಬೇರೆ ಇದೆ. ಅಲ್ಲಿರುವವರು ಮೊದಲು ರಾಜ್ಯದ ಯುಟಿಲಿಟಿ ಕಮಿಷನ್ ತಾಣ ನೋಡಿ, ಅಲ್ಲಿ ಹೇಳಿದ ದಾರಿಯಲ್ಲೇ ಹೋಗಿ. ಬುಡಕಟ್ಟು ಜನರ ಮೀಸಲು ನೆಲದಲ್ಲಿರುವವರಿಗೆ ಕೇಂದ್ರದ ನೆರವೇ 34.25 ಡಾಲರ್‌ವರೆಗೆ ಏರುತ್ತದೆ.

ಅಂಗಡಿಯ ಮುಂದೆ ಟೆಂಟ್ ಹಾಕಿಕೊಂಡು, ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ‘ಫ್ರೀ ಫೋನ್, ಫ್ರೀ ಫೋನ್’ ಎಂದು ಕರೆಯುವವರು ಸಿಗುತ್ತಾರೆ. ಎಲ್ಲರೂ ಮೋಸಗಾರರಲ್ಲ, ಕಂಪನಿಯ ಏಜೆಂಟರೂ ಇರುತ್ತಾರೆ. ಆದರೆ ಕಂಪನಿಯ ಹೆಸರು ಕೇಳದೆ ಐಡಿ ಕೊಡಬೇಡಿ. ಅವರೇ ಟಿಕ್ ಮಾಡಿ ‘ಇಲ್ಲಿ ಸಹಿ ಹಾಕಿ ಆಂಟಿ’ ಅಂದರೆ ಟ್ಯಾಬ್ಲೆಟ್ ಈಸಿಕೊಂಡು ಓದಿ. ಆಗಲೇ ಲೈಫ್‌ಲೈನ್ ಇದ್ದವರು ಸುಮ್ನೆ ಒಂದು ಸಹಿ ಹಾಕಿದರೂ ನೆರವು ಹೊಸ ಕಂಪನಿಗೆ ವರ್ಗ ಆಗಿಬಿಡಬಹುದು. ಅರ್ಜಿಗೆ ಫೀಸ್ ಇಲ್ಲ. ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದ ಹೊರಡಿ.

ಇನ್ನೊಂದು. ತಿಂಗಳಿಗೆ 30 ಡಾಲರ್ ಕೊಡುತ್ತಿದ್ದ ಎಸಿಪಿ ಎಂಬ ಇಂಟರ್ನೆಟ್ ಯೋಜನೆ 2024ರ ಜೂನ್ 1ಕ್ಕೆ ಮುಗಿಯಿತು. ಅದರ ಹಳೆಯ ಜಾಹೀರಾತುಗಳನ್ನು ನಂಬಿ ನಿಮ್ಮ ದಾಖಲೆ ಕೊಡಬೇಡಿ.

ಐದನೆಯದು: ಕಂಪನಿ

ಅರ್ಜಿ ಪಾಸಾದ ಮೇಲೆ 90 ದಿನದೊಳಗೆ ಕಂಪನಿ ಆರಿಸಿಕೊಳ್ಳಿ. ನಿಮ್ಮ ಜಿಪ್ ಕೋಡ್ ಹಾಕಿದರೆ ಅದೇ ತಾಣ ಪಟ್ಟಿ ಕೊಡುತ್ತದೆ. ಅಶ್ಯೂರೆನ್ಸ್ ವೈರ್‌ಲೆಸ್, ಸೇಫ್‌ಲಿಂಕ್ ದೊಡ್ಡ ಹೆಸರುಗಳು. ಮೊದಲನೆಯದು ಟಿ-ಮೊಬೈಲ್‌ನದು, ಎರಡನೆಯದು ವೆರೈಝಾನ್‌ನದು. ಮೊಬೈಲ್‌ನಲ್ಲಿ ಕನಿಷ್ಠ ಎಂದರೆ ತಿಂಗಳಿಗೆ 1000 ನಿಮಿಷ ಮಾತು ಅಥವಾ 4.5 ಜಿಬಿ ಡೇಟಾ. ಎರಡೂ ಸೇರಿಸಿ, ಅದಕ್ಕಿಂತ ಜಾಸ್ತಿ ಕೊಡುವವರೂ ಇದ್ದಾರೆ, ಹೋಲಿಸಿ ನೋಡಿ. ನನ್ನ ಕೇಳಿದರೆ ಜಿಬಿ ಲೆಕ್ಕಕ್ಕಿಂತ ಮನೆಯೊಳಗೆ ಸಿಗ್ನಲ್ ಬರುತ್ತದೆಯೇ ಎನ್ನುವುದು ಮುಖ್ಯ. ಭಾರತಕ್ಕೆ ನೇರ ಕರೆ ಪ್ಲಾನ್‌ನಲ್ಲಿ ಇದೆಯೇ ಎಂದೂ ಕೇಳಿ, ಬಹಳ ಕಡೆ ಇರುವುದಿಲ್ಲ.

ಹಳೆಯ ನಂಬರ್ ಉಳಿಸಿಕೊಳ್ಳಬೇಕಾದರೆ ಹಳೆಯ ಕಂಪನಿಯಿಂದ ಅಕೌಂಟ್ ನಂಬರ್ ಮತ್ತು ಟ್ರಾನ್ಸ್‌ಫರ್ ಪಿನ್ ಮೊದಲೇ ತಗೊಳ್ಳಿ. ಹೊಸದರಲ್ಲಿ ನಂಬರ್ ಓಡುವ ತನಕ ಹಳೆಯ ಕನೆಕ್ಷನ್ ನಿಲ್ಲಿಸಬೇಡಿ.

ಕೌಟುಂಬಿಕ ಹಿಂಸೆಯಿಂದ ಹೊರಬರುತ್ತಿರುವವರಿಗೆ ಬೇರೆಯದೇ ದಾರಿ ಇದೆ. 2022ರ ಸೇಫ್ ಕನೆಕ್ಷನ್ಸ್ ಕಾನೂನಿನ ಪ್ರಕಾರ ಗಂಡನ ಫ್ಯಾಮಿಲಿ ಪ್ಲಾನ್‌ನಿಂದ ತನ್ನ ಲೈನ್ ಬೇರೆ ಮಾಡಿಕೊಡಿ ಎಂದು ಕಂಪನಿಯನ್ನು ಕೇಳಬಹುದು. ದಾಖಲೆ ಸರಿಯಿದ್ದರೆ ಎರಡು ಕೆಲಸದ ದಿನಗಳಲ್ಲಿ ಮಾಡಬೇಕು. ಕೈಯಲ್ಲಿ ದುಡ್ಡಿಲ್ಲದಿದ್ದರೆ ಆರು ತಿಂಗಳವರೆಗೆ ಲೈಫ್‌ಲೈನ್ ನೆರವೂ ಸಿಗುತ್ತದೆ. ಗಂಡನ ವೀಸಾದ ಮೇಲೆ ಹೋಗಿ, ಫೋನ್ ಕೂಡ ಗಂಡನ ಹೆಸರಲ್ಲೇ ಇರುವ ಹೆಣ್ಣುಮಕ್ಕಳಿಗೆ ಈ ವಿಷಯ ತಲುಪಬೇಕು.

ಸಿಕ್ಕಿದ್ದನ್ನು ಉಳಿಸಿಕೊಳ್ಳುವುದು

ತಗೊಳ್ಳುವುದಕ್ಕಿಂತ ಉಳಿಸಿಕೊಳ್ಳುವುದೇ ಕಷ್ಟ. ಪುಕ್ಕಟೆ ಪ್ಲಾನ್ ಆದರೆ 30 ದಿನಕ್ಕೆ ಒಮ್ಮೆಯಾದರೂ ಬಳಸಬೇಕು. ಇಲ್ಲದಿದ್ದರೆ 15 ದಿನದ ನೋಟಿಸ್ ಕೊಟ್ಟು ಲೈನ್ ಕಟ್ ಮಾಡುತ್ತಾರೆ. ‘ಅಮ್ಮ ದಿನವಿಡೀ ಫೋನ್‌ನಲ್ಲೇ ಇರ್ತಾರಲ್ಲ’ ಅನ್ನಬಹುದು. ಇರುತ್ತಾರೆ, ಆದರೆ ಮನೆಯ ವೈಫೈನಲ್ಲಿ ವಾಟ್ಸ್‌ಆ್ಯಪ್ ವಿಡಿಯೊ ಕಾಲ್. ಕಂಪನಿಯ ಲೆಕ್ಕದಲ್ಲಿ ಅದು ಬಳಕೆಯೇ ಅಲ್ಲ. ಸಿಮ್‌ನಿಂದ ಒಂದು ಕರೆ ಅಥವಾ ಒಂದು ಮೆಸೇಜ್ ಹೋಗಬೇಕು, ಇಲ್ಲವೇ ವೈಫೈ ಆಫ್ ಮಾಡಿ ಡೇಟಾ ಬಳಸಬೇಕು. ಪ್ರತಿ ಭಾನುವಾರ ಮಗಳಿಗೆ ಒಂದು ಎಸ್‌ಎಂಎಸ್ ಕಳಿಸುವ ರೂಢಿ ಮಾಡಿಸಿ.

ವರ್ಷಕ್ಕೊಮ್ಮೆ ಅರ್ಹತೆಯ ಮರುಪರೀಕ್ಷೆ ಇರುತ್ತದೆ. ಕಂಪ್ಯೂಟರ್‌ಗೇ ತಿಳಿದರೆ ಸರಿ, ಇಲ್ಲದಿದ್ದರೆ ಪತ್ರ ಬರುತ್ತದೆ. ಉತ್ತರ ಕೊಡಲು 60 ದಿನ. ಪಿಜ್ಜಾ ಕೂಪನ್, ಕ್ರೆಡಿಟ್ ಕಾರ್ಡ್ ಜಾಹೀರಾತುಗಳ ಮಧ್ಯೆ ಆ ಬಿಳಿ ಲಕೋಟೆಯೂ ಕಸದ ಬುಟ್ಟಿಗೆ ಹೋಗುವುದು ಮಾಮೂಲು. ಯೂಸ್ಯಾಕ್, ಲೈಫ್‌ಲೈನ್ ಎಂಬ ಹೆಸರಿದ್ದ ಪತ್ರ ಎತ್ತಿಡಲು ಹಿರಿಯರಿಗೆ ಹೇಳಿಡಿ. ಮನೆ ಬದಲಿಸಿದರೆ, ಅಥವಾ ಆದಾಯ ಏರಿ ಅರ್ಹತೆ ಹೋದರೆ, 30 ದಿನದೊಳಗೆ ಕಂಪನಿಗೆ ತಿಳಿಸಬೇಕು.

ಚಳಿಗಾಲಕ್ಕೆ ಮೂರು ತಿಂಗಳು ಊರಿಗೆ ಬರುವವರಿಗೆ ಆ 30 ದಿನದ ನಿಯಮವೇ ತೊಡಕು. ಬೆಂಗಳೂರಲ್ಲಿ ಕೂತಾಗ ಅಲ್ಲಿನ ಸಿಮ್ ಸದ್ದಿಲ್ಲದೆ ಸತ್ತುಹೋಗುತ್ತದೆ. ಬ್ಯಾಂಕಿನ ಒಟಿಪಿ, ಆಸ್ಪತ್ರೆಯ ಮೆಸೇಜ್ ಎಲ್ಲ ಅದೇ ನಂಬರಿಗೆ ಬರುತ್ತಿದ್ದರೆ, ಹೊರಡುವ ಮುಂಚೆ ಆ ನಂಬರನ್ನು ಕಡಿಮೆ ಬೆಲೆಯ ಪ್ರೀಪೇಯ್ಡ್ ಪ್ಲಾನ್‌ಗೆ ಪೋರ್ಟ್ ಮಾಡಿಸಿ. ವಾಪಸ್ ಹೋದ ಮೇಲೆ ಲೈಫ್‌ಲೈನ್‌ಗೆ ಮತ್ತೆ ಅರ್ಜಿ ಹಾಕಬಹುದು. ಆಗ ಬೇಕಾಗುವುದು ಅವೇ ಕಾಗದಗಳು, ದಿನಾಂಕ ಮಾತ್ರ ಹೊಸದಿರಬೇಕು.