ಅವ್ವನ ಫೋನು, ಅದೇ ನಂಬರು

ಹಳೇ ಬಾಗಲಕೋಟೆಯಲ್ಲಿ ನಮ್ಮದು ಕಲ್ಲು-ಮಣ್ಣಿನ ಮನೆ. ಗೋಡೆ ಎರಡಡಿ ದಪ್ಪ. ಪಡಸಾಲೆ ದಾಟಿದರೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಅವ್ವನಿಗೆ ಮೊಬೈಲ್ ಒಗ್ಗುವುದೂ ಇಲ್ಲ. ಹಳೇ ಲ್ಯಾಂಡ್‌ಲೈನ್ ಮೇಲಿಂದ ಮೇಲೆ ಕೆಡತೊಡಗಿದಾಗ, ಫೈಬರ್ ಹಾಕಿಸಿ ಅದರ ಮೇಲೆಯೇ ಫೋನು ತಗೊಂಡೆ. 08354ರ ಆ ಹಳೇ ನಂಬರೇ ಇರಬೇಕು ಅಂತ ಮೊದಲೇ ಹೇಳಿದ್ದೆ. ಅದು ಬಳಗಕ್ಕೆಲ್ಲ ಬಾಯಿಪಾಠ, ಬದಲಿಸೋದು ಹೇಗೆ?

ಫೈಬರ್ ಹುಡುಗರು ಪಡಸಾಲೆಯಲ್ಲಿ ಮೋಡೆಮ್ ಕೂರಿಸಿ ಹೋದರು. ಅದರ ಹಿಂದೆ ಇಂಟರ್ನೆಟ್ ವೈರಿನ ತೂತುಗಳ ಪಕ್ಕ ಇನ್ನೊಂದು ಸಣ್ಣ ತೂತಿದೆ. ಹಳೇ ಫೋನಿನ ಪಿನ್ನು ಕೂರುವುದು ಅಲ್ಲಿ. ಚುಚ್ಚಿದ ಕೂಡಲೇ ಡಯಲ್ ಟೋನ್ ಬಂತು. ಇದಕ್ಕಾಗಿ ದೊಡ್ಡ ಸ್ಪೀಡಿನ ಪ್ಲಾನ್ ಬೇಕಿಲ್ಲ. ಒಂದು ಫೋನ್ ಕಾಲ್‌ಗೆ ಮಾತು ಹೋಗಲು ಬರಲು ತಲಾ ಸುಮಾರು 100 ಕೆಬಿಪಿಎಸ್ ಸಾಕು.

ಆದರೆ ಅವ್ವನ ಫೋನಿರುವುದು ಒಳಗೆ, ಅಡುಗೆಮನೆ ಬಾಗಿಲ ಹತ್ತಿರ. ಗೋಡೆಯಲ್ಲಿ ಹಳೇ ವೈರು ಇದ್ದೇ ಇತ್ತು. ಮೋಡೆಮ್‌ನಿಂದ ಅದಕ್ಕೆ ಕೊಟ್ಟೆ. ಟೋನ್ ಸತ್ತುಹೋಯಿತು! ಅರ್ಧ ದಿನ ಹುಡುಕಿದ ಮೇಲೆ ಹೊರಗಿನ ಡಬ್ಬಿ ಬಿಚ್ಚಿ ನೋಡಿದೆ. ಕಂಬದಿಂದ ಬಂದ ಹಳೇ ತಾಮ್ರದ ಎರಡೂ ತಂತಿ ಇನ್ನೂ ಮನೆಯ ವೈರಿಗೆ ಕೂಡಿಕೊಂಡೇ ಇದ್ದವು. ಸ್ಕ್ರೂ ಸಡಿಲಿಸಿ ಎರಡನ್ನೂ ಬಿಡಿಸಿ, ತುದಿಗೆ ಬೇರೆ ಬೇರೆ ಟೇಪ್ ಸುತ್ತಿದೆ. ಒಳಗೆ ಹೋಗಿ ಎತ್ತಿದರೆ ಟೋನ್ ಸ್ಪಷ್ಟ. ನೀವು ಮಾಡುವುದಾದರೆ ಈ ಕೆಲಸ ಮೊದಲು ಮಾಡಿ. ಹೊರಗಿನ ಲೈನು ಕೂಡಿಕೊಂಡಿದ್ದರೆ ಮೋಡೆಮ್ ಪೋರ್ಟೇ ಸುಟ್ಟು ಹೋಗಬಹುದು.

ಟೋನ್ ಬಂತು, ಆದರೆ ನಂಬರ್ ಒತ್ತಿದರೆ ಕಾಲ್ ಹೋಗಲಿಲ್ಲ. ಫೋನ್ ಮಗುಚಿ ನೋಡಿದೆ. ಬುಡದ ಸಣ್ಣ ಸ್ವಿಚ್ಚು ‘ಪಿ’ ಕಡೆಗಿತ್ತು, ಅಂದರೆ ಹಳೇ ಕಾಲದ ಪಲ್ಸ್ ಡಯಲಿಂಗ್. ನಮ್ಮ ಮೋಡೆಮ್‌ಗೆ ಅದು ತಿಳಿಯುವುದಿಲ್ಲ. ‘ಟಿ’ಗೆ ಸರಿಸಿದೆ, ಕಾಲ್ ಹೋಯಿತು.

ಮೂರನೇ ದಿನ ಸಂಜೆ ಕರೆಂಟ್ ಹೋಯಿತು. ಕತ್ತಲಲ್ಲಿ ಅವ್ವ, “ಯಾಕೋ, ಫೋನ್ ಸುಮ್ನಾಗೇತಲ್ಲ” ಅಂದಳು. ನನಗೆ ಎದೆ ಧಸಕ್ ಅಂತು. ತಾಮ್ರದ ಲೈನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ 48 ವೋಲ್ಟ್ ಬರುತ್ತಿತ್ತು, ಊರೆಲ್ಲ ಕತ್ತಲಾದರೂ ಫೋನ್ ನಡೆಯುತ್ತಿತ್ತು. ಫೈಬರ್ ಬೆಳಕನ್ನಷ್ಟೇ ತರುತ್ತದೆ, ಕರೆಂಟ್ ತರುವುದಿಲ್ಲ. ರಾತ್ರಿ ಅವ್ವನಿಗೆ ಆರಾಮ ತಪ್ಪಿದರೆ 112ಕ್ಕೆ ಫೋನ್ ಹೋಗಬೇಕಲ್ವಾ? ಮನೆಗೆ ಫೋನ್ ಹಾಕಿಸುವವರಿಗೆ ಇದನ್ನು ಮೊದಲೇ ಹೇಳಲೇಬೇಕು ಅಂತ ನನ್ನ ಅನಿಸಿಕೆ. ನನಗೆ ಯಾರೂ ಹೇಳಿರಲಿಲ್ಲ.

ಮರುದಿನವೇ ಮೋಡೆಮ್‌ಗೆ ಹಾಕುವ ಸಣ್ಣ ಯುಪಿಎಸ್ ತಂದೆ. ತರುವ ಮುಂಚೆ ಅಡಾಪ್ಟರ್ ಮೇಲೆ ಬರೆದಿದ್ದನ್ನು ಓದಿ. ನಮ್ಮದು 12 ವೋಲ್ಟ್, 1.5 ಆಂಪ್. ವೋಲ್ಟ್ ಅಷ್ಟೇ ಇರಬೇಕು, ಆಂಪ್ ಜಾಸ್ತಿ ಇದ್ದರೆ ನಡೆಯುತ್ತದೆ. ಕಾರ್ಡ್‌ಲೆಸ್ ಫೋನ್ ಬೇಡ, ಅದರ ಬೇಸ್‌ಗೂ ಕರೆಂಟ್ ಬೇಕು.

ಭಾನುವಾರ ಮೇನ್ ಸ್ವಿಚ್ ಬಂದ್ ಮಾಡಿ ಕೂತೆ. ಬಾದಾಮಿಯ ಅಕ್ಕನಿಗೆ ಆಗಾಗ ಫೋನ್ ಮಾಡು ಅಂತ ಹೇಳಿದ್ದೆ. ನಾಲ್ಕು ತಾಸಿನ ಮೇಲೂ ಗಂಟೆ ಬಾರಿಸಿತು. ಅವ್ವ ಎದ್ದು ಹೋಗಿ ಎತ್ತಿಕೊಂಡಳು.