ಕೆಂಪಗೆ ಕಾದ ಮ್ಯಾನಿಫೋಲ್ಡ್: ಅಂಬಾಸಿಡರ್ ಎಂಜಿನ್ ಬಿಚ್ಚಿ ಕಟ್ಟಿದ ಮೇಲೆ

ಬೋರ್ ಮಾಡಿಸಿ, ಹೊಸ ಪಿಸ್ಟನ್, ಬೇರಿಂಗ್, ಕ್ಯಾಮ್‌ಶಾಫ್ಟ್ ಹಾಕಿ ಕಟ್ಟಿದ ಎಂಜಿನ್ನನ್ನು ಮೊದಲ ಸಲ ಚಾಲೂ ಮಾಡಿದಾಗ ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದ ನಿಧಾನ ಓಟದಲ್ಲಿ, ಬಿಡುವಂತಿಲ್ಲ. ವಾಲ್ವ್ ತೆರೆಸುವ ಹೊಸ ಕ್ಯಾಮ್ ಮತ್ತು ಅದರ ಮೇಲೆ ಕೂರುವ ಟ್ಯಾಪೆಟ್ ಒಂದಕ್ಕೊಂದು ಹೊಂದಿಕೊಳ್ಳಲು ಅವುಗಳ ಮೇಲೆ ಆಯಿಲ್ ಸತತವಾಗಿ ಚಿಮ್ಮುತ್ತಿರಬೇಕು. ಅದಕ್ಕಾಗಿ ಮೊದಲ ಇಪ್ಪತ್ತು ನಿಮಿಷ ಎಂಜಿನ್ ನಿಮಿಷಕ್ಕೆ 2000 ಸುತ್ತಿನ ಆಸುಪಾಸಿನಲ್ಲಿ ಓಡಬೇಕು. ನನ್ನ ಹಳೆಯ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ತೊಂದರೆ ತೋರಿಸಿದ್ದು ಈ ಹಂತದಲ್ಲಿಯೇ. ಶೆಡ್ಡಿನಲ್ಲಿ ಬೆಳಕು ಕಡಿಮೆ ಇದ್ದದ್ದು ಒಳ್ಳೆಯದಾಯಿತು. ಜೊತೆಗಿದ್ದ ಹುಡುಗ, “ಅಣ್ಣಾ, ಮ್ಯಾನಿಫೋಲ್ಡ್ ಕೆಂಪಾಗುತ್ತಿದೆ ನೋಡಿ” ಎಂದ. ಸುಟ್ಟ ಹೊಗೆಯನ್ನು ಸಿಲಿಂಡರ್‌ಗಳಿಂದ ಹೊರಗೊಯ್ಯುವ ಎರಕದ ಕೊಳವೆಯಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ನಡುವಿನ ಕವಲು ಮಂಕಾಗಿ ಹೊಳೆಯುತ್ತಿತ್ತು. ತಕ್ಷಣ ಎಂಜಿನ್ ನಿಲ್ಲಿಸಿದೆ. ಕ್ಯಾಮ್ ಪಳಗಿಸುವ ಆ ಇಪ್ಪತ್ತು ನಿಮಿಷವನ್ನು ತುಂಡು ತುಂಡಾಗಿಯೂ ಪೂರೈಸಬಹುದು, ಆದರೆ ಸೀಳಿದ ಎರಕದ ಕಬ್ಬಿಣವನ್ನು ಸರಿಪಡಿಸುವುದು ಬಲು ಕಷ್ಟ.

ಯಾವುದೇ ಲೋಹ ಕತ್ತಲಲ್ಲಿ ಕಣ್ಣಿಗೆ ಕಾಣುವಷ್ಟು ಕೆಂಪಾಗಬೇಕಾದರೆ ಸುಮಾರು 525 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು. ಕಾರು ಭಾರ ಹೊತ್ತು ಘಾಟಿ ಏರುವಾಗ ಮ್ಯಾನಿಫೋಲ್ಡ್ ಅಷ್ಟು ಕಾದರೆ ಅಚ್ಚರಿಯಿಲ್ಲ. ಗೇರ್ ಇಲ್ಲದೆ, ಭಾರವಿಲ್ಲದೆ ನಿಂತಲ್ಲೇ ಓಡುವ ಎಂಜಿನ್‌ನಲ್ಲಿ ಅಷ್ಟು ಶಾಖ ಹುಟ್ಟಲು ಒಂದೇ ದಾರಿ: ಸಿಲಿಂಡರ್ ಒಳಗೆ ಉರಿದು ಮುಗಿಯಬೇಕಾದ ಪೆಟ್ರೋಲ್ ಎಕ್ಸಾಸ್ಟ್ ವಾಲ್ವ್ ತೆರೆಯುವಾಗಲೂ ಉರಿಯುತ್ತಲೇ ಇರುವುದು. ಒಲೆಯಲ್ಲಿ ಉರಿಯಬೇಕಾದದ್ದು ಹೊಗೆಗೂಡಿನಲ್ಲಿ ಉರಿದ ಹಾಗೆ. ಆದ್ದರಿಂದ ನಾನು ಹುಡುಕಬೇಕಾದದ್ದು ‘ಏಕೆ ಬಿಸಿ’ ಎಂಬುದಕ್ಕಲ್ಲ, ‘ಏಕೆ ತಡ’ ಎಂಬುದಕ್ಕೆ ಉತ್ತರ. ಮ್ಯಾನಿಫೋಲ್ಡ್ ಕೆಂಪಾದ ಕೂಡಲೇ ಕಾರ್ಬ್ಯುರೇಟರ್ ಬಿಚ್ಚುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಅಳೆಯದೆ ಸ್ಕ್ರೂ ತಿರುಗಿಸಿದರೆ ಇರುವ ಒಂದು ದೋಷಕ್ಕೆ ಇನ್ನೊಂದು ಸೇರಿಕೊಂಡು ಎರಡೂ ಮರೆಯಾಗುತ್ತವೆ.

ಎಂಜಿನ್ ಪೂರ್ತಿ ತಣಿದ ಮೇಲೆ ಮೊದಲು ವಾಲ್ವ್ ಗ್ಯಾಪ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು, ನೋಡಿದೆ. ಎಂಟೂ 0.015 ಇಂಚಿನಲ್ಲೇ ಇದ್ದವು. ಬಿಗಿಯಾದ ಎಕ್ಸಾಸ್ಟ್ ವಾಲ್ವ್ ಬೇಗ ತೆರೆದು ಉರಿಯನ್ನು ಹೊರಗೆ ಬಿಟ್ಟುಬಿಡುತ್ತದೆ. ಆ ಅನುಮಾನ ಅಲ್ಲಿಗೆ ಮುಗಿಯಿತು. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕನ್ನು ಕ್ಯಾಮ್‌ಗೆ ಜೋಡಿಸುವ ಟೈಮಿಂಗ್ ಚೈನಿನ ಎರಡು ಗುರುತುಗಳನ್ನು ಜೋಡಣೆಯ ಹೊತ್ತಿಗೇ ಎದುರುಬದುರು ಕೂರಿಸಿ ಫೋಟೋ ತೆಗೆದುಕೊಂಡಿದ್ದೆ, ಹಾಗಾಗಿ ಕವರ್ ಬಿಚ್ಚಬೇಕಾಗಲಿಲ್ಲ.

ಸೈಲೆನ್ಸರ್ ಕಟ್ಟಿಕೊಂಡಿದೆಯೇ ಎಂಬುದನ್ನು ಇನ್‌ಟೇಕ್ ಕೊಳವೆಯ ಹೀರುವಿಕೆಯನ್ನು ಪಾದರಸದ ಇಂಚುಗಳಲ್ಲಿ ಅಳೆಯುವ ವ್ಯಾಕ್ಯೂಮ್ ಮೀಟರ್ ಹೇಳುತ್ತದೆ. ವರ್ಷಗಟ್ಟಲೆ ನಿಂತ ಕಾರಿನ ಕೊಳವೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿರುವುದನ್ನು ನೋಡಿದ್ದೇನೆ, ಆದ್ದರಿಂದ ಇದನ್ನು ಬಿಡುವುದಿಲ್ಲ. ವೇಗವನ್ನು 2000ದಲ್ಲಿ ಹಿಡಿದಿಟ್ಟಾಗ ಮುಳ್ಳು ಮೆಲ್ಲಗೆ ಇಳಿಯುತ್ತಾ ಹೋದರೆ ಹೊಗೆ ಹೊರಹೋಗಲು ದಾರಿಯಿಲ್ಲ ಎಂದರ್ಥ. ನನ್ನದರಲ್ಲಿ ಇಳಿಯಲಿಲ್ಲ. ಆದರೆ ಐಡ್ಲಿಂಗ್‌ನಲ್ಲಿ ಮುಳ್ಳು 14 ಇಂಚಿನಲ್ಲಿ ನಿಂತಿತ್ತು. ಪುಸ್ತಕಗಳು ಸಮುದ್ರಮಟ್ಟದ ಲೆಕ್ಕದಲ್ಲಿ 17ರಿಂದ 21 ಎನ್ನುತ್ತವೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಅದರಿಂದ 3 ಇಂಚು ಕಳೆಯಬೇಕು. ಹಾಗೆ ಕಳೆದರೂ 14 ಕೆಳಗಿನ ಅಂಚಿಗೇ ಬರುತ್ತದೆ. ಅದನ್ನು ಬರೆದಿಟ್ಟುಕೊಂಡು ಮುಂದೆ ಹೋದೆ.

ಇನ್ನು ಇಗ್ನಿಷನ್, ಅಂದರೆ ಕಿಡಿ ಬರುವ ಹೊತ್ತು. ಕ್ರ್ಯಾಂಕ್ ಪುಲ್ಲಿಯ ಗುರುತನ್ನು ನಂಬುವ ಮೊದಲು ಅದು ನಿಜವೇ ಎಂದು ನೋಡಬೇಕು. ಒಂದನೇ ಸಿಲಿಂಡರಿನ ಪ್ಲಗ್ ತೆಗೆದು, ಆ ಜಾಗದಲ್ಲಿ ಪಿಸ್ಟನ್ನನ್ನು ತಡೆಯುವ ಬೋಲ್ಟ್ ಹಾಕಿ, ಕ್ರ್ಯಾಂಕನ್ನು ಕೈಯಿಂದ ಒಂದು ದಿಕ್ಕಿಗೆ ತಡೆಯುವವರೆಗೆ, ಮತ್ತೆ ಇನ್ನೊಂದು ದಿಕ್ಕಿಗೆ ತಡೆಯುವವರೆಗೆ ತಿರುಗಿಸಿ ಪುಲ್ಲಿಯ ಮೇಲೆ ಎರಡು ಗೀಟು ಎಳೆದೆ. ಎರಡರ ನಟ್ಟನಡುವೆ ಬರುವುದೇ ಪಿಸ್ಟನ್ನಿನ ನಿಜವಾದ ಮೇಲ್ತುದಿ. ಕಾರ್ಖಾನೆಯ ಗುರುತು ಅಲ್ಲಿಯೇ ಇತ್ತು.

ಆಮೇಲೆ ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಪೈಪ್ ಕಳಚಿ ಬಾಯಿ ಮುಚ್ಚಿ, ಪ್ರತಿ ಕಿಡಿಗೂ ಮಿಂಚುವ ಟೈಮಿಂಗ್ ಲೈಟನ್ನು ಪುಲ್ಲಿಯತ್ತ ಹಿಡಿದೆ. ಐಡ್ಲಿಂಗ್‌ನಲ್ಲಿ ಗುರುತು ನಾನು ಇಟ್ಟಿದ್ದಂತೆ ಮೇಲ್ತುದಿಗಿಂತ 5 ಡಿಗ್ರಿ ಮುಂಚೆಯೇ ಇತ್ತು. ವೇಗ ಏರಿಸಿದೆ. 1200, 1600, 2000. ಗುರುತು ಕದಲಲಿಲ್ಲ.

ಇದೇ ರೋಗ. ಸಿಲಿಂಡರ್ ಒಳಗೆ ಬೆಂಕಿ ಹರಡಲು ಸಮಯ ಬೇಕು. 800 ಸುತ್ತಿನಲ್ಲಿ ಕ್ರ್ಯಾಂಕ್ ಒಂದು ಮಿಲಿಸೆಕೆಂಡಿಗೆ ಸುಮಾರು 5 ಡಿಗ್ರಿ ತಿರುಗುತ್ತದೆ. 2000ದಲ್ಲಿ 12 ಡಿಗ್ರಿ. ಅಂದರೆ ವೇಗ ಏರಿದಂತೆ ಕಿಡಿಯೂ ಮುಂಚಿತವಾಗಿ ಬರಬೇಕು. ಆ ಕೆಲಸವನ್ನು ಡಿಸ್ಟ್ರಿಬ್ಯೂಟರ್ ಒಳಗಿನ ಎರಡು ತೂಕಗಳು ಮಾಡುತ್ತವೆ: ತಿರುಗುವ ರಭಸಕ್ಕೆ ಅವು ಸ್ಪ್ರಿಂಗನ್ನು ಎಳೆದು ಹೊರಕ್ಕೆ ಚಾಚಿ ಕಿಡಿ ಹುಟ್ಟಿಸುವ ಪಾಯಿಂಟಿನ ಕ್ಯಾಮನ್ನು ಮುಂದಕ್ಕೆ ತಿರುಗಿಸುತ್ತವೆ. ಅವು ಅಲುಗಾಡದಿದ್ದರೆ ಐಡ್ಲಿಂಗ್‌ನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ವೇಗ ಏರಿದಾಗ ಮಾತ್ರ ಕಿಡಿ ತಡವಾಗುತ್ತದೆ. ತಡವಾಗಿ ಉರಿದ ಅನಿಲ ಪಿಸ್ಟನ್ನನ್ನು ಸರಿಯಾಗಿ ತಳ್ಳುವುದಿಲ್ಲ; 2000 ಸುತ್ತು ಹಿಡಿಯಲು ಥ್ರಾಟಲ್ ಹೆಚ್ಚು ತೆರೆಯಬೇಕಾಗುತ್ತದೆ; ಹೆಚ್ಚು ಪೆಟ್ರೋಲ್ ಒಳಗೆ ಹೋಗಿ ಹೆಚ್ಚು ಬೆಂಕಿ ಹೊರಗೆ ಬರುತ್ತದೆ.

ಹಳೆಯ ಡಿಸ್ಟ್ರಿಬ್ಯೂಟರ್‌ನ ಶಾಫ್ಟ್ ಸವೆದಿದ್ದರಿಂದ ರೀಕಂಡಿಷನ್ ಮಾಡಿದ್ದೊಂದನ್ನು ತಂದು ಹಾಕಿದ್ದೆ. ಕ್ಯಾಪ್ ತೆಗೆದು ರೋಟರನ್ನು ಅದು ತಿರುಗುವ ದಿಕ್ಕಿಗೆ ಬೆರಳಿನಿಂದ ತಿರುಚಿದೆ. ಸ್ವಲ್ಪ ತಿರುಗಿ, ಬಿಟ್ಟ ಕೂಡಲೇ ಹಿಂದಕ್ಕೆ ಚಿಮ್ಮಬೇಕು. ಅದು ಕಲ್ಲಿನ ಹಾಗೆ ಕೂತಿತ್ತು. ಪಾಯಿಂಟ್ ಕೂರುವ ತಟ್ಟೆ ಬಿಚ್ಚಿದರೆ ಕೆಳಗೆ ತೂಕಗಳ ಪಿನ್ನಿನ ಸುತ್ತ ಗ್ರೀಸ್ ಅಂಟಿನಂತೆ ಗಟ್ಟಿಯಾಗಿತ್ತು. ಸ್ಪ್ರಿಂಗ್‌ಗಳೂ ತಪ್ಪು. ಒಂದು ತೆಳು, ಇನ್ನೊಂದು ತುದಿಯ ಕೊಂಡಿ ಸಡಿಲವಾಗಿರುವ ದಪ್ಪನೆಯದು ಇರಬೇಕಾದಲ್ಲಿ ಎರಡೂ ದಪ್ಪನೆಯವೇ, ಎರಡೂ ಬಿಗಿ. ಸೀಮೆಎಣ್ಣೆಯಲ್ಲಿ ತೊಳೆದು, ಪಿನ್ನುಗಳಿಗೆ ತೆಳುವಾದ ಎಣ್ಣೆ ಬಿಟ್ಟು, ನನ್ನ ಹಳೆಯ ಡಿಸ್ಟ್ರಿಬ್ಯೂಟರ್‌ನ ಸ್ಪ್ರಿಂಗ್ ಜೋಡಿಯನ್ನೇ ಹಾಕಿದೆ. ಹಳೆಯ ಭಾಗಗಳನ್ನು ಗುಜರಿಗೆ ಹಾಕುವ ಆತುರ ಬೇಡ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ವ್ಯಾಕ್ಯೂಮ್ ಡಯಾಫ್ರಮ್ ಅನ್ನು ಪೈಪಿನಿಂದ ಹೀರಿ ನೋಡಿದೆ, ಗಾಳಿ ಹಿಡಿದಿತ್ತು. ಮತ್ತೆ ಲೈಟ್ ಹಿಡಿದಾಗ ಗುರುತು ವೇಗದೊಂದಿಗೆ ಸರಾಗವಾಗಿ ಸರಿದು 2000ದಲ್ಲಿ 20 ಡಿಗ್ರಿಯ ಹತ್ತಿರ ಬಂತು. ಉಳಿದ ಹೊತ್ತು ಓಡಿಸಿದಾಗ ಮ್ಯಾನಿಫೋಲ್ಡ್ ಕಪ್ಪಾಗಿಯೇ ಇತ್ತು.

ಉಳಿದದ್ದು ಆ 14 ಇಂಚು. ಅಂಬಾಸಿಡರ್‌ನ ಬಿಎಂಸಿ ಬಿ ಸರಣಿಯ ಎಂಜಿನ್‌ನಲ್ಲಿ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎರಡೂ ಒಂದೇ ಮಗ್ಗುಲಿಗಿವೆ. ಎರಡರ ಅಂಚನ್ನೂ ಒಂದೇ ದಪ್ಪ ವಾಷರ್ ಒತ್ತಿ ಹಿಡಿಯುತ್ತದೆ. ಒಂದರ ಅಂಚನ್ನು ಲೇತಿನಲ್ಲಿ ಉಜ್ಜಿ ಸಪಾಟು ಮಾಡಿಸಿದ್ದರೆ ದಪ್ಪ ಹೆಚ್ಚುಕಡಿಮೆಯಾಗಿ ವಾಷರ್ ಓರೆಯಾಗುತ್ತದೆ, ತೆಳುವಾದ ಕಡೆ ಗಾಳಿ ಸೋರುತ್ತದೆ. ಸೋರಿಕೆ ಹುಡುಕಲು ಕೆಲವರು ಪೆಟ್ರೋಲ್ ಅಥವಾ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸುತ್ತಾರೆ. ಈ ಎಂಜಿನ್‌ನಲ್ಲಿ ದಯವಿಟ್ಟು ಹಾಗೆ ಮಾಡಬೇಡಿ, ಪಕ್ಕದಲ್ಲೇ ಎಕ್ಸಾಸ್ಟ್ ಇದೆ. ಮುಂಜಾನೆ ತಣ್ಣಗಿದ್ದ ಎಂಜಿನ್ ಚಾಲೂ ಮಾಡಿದ ಕೂಡಲೇ ಕೀಲಿನ ಮೇಲೆ ನೀರು ಸಿಂಪಡಿಸಿದೆ. ಹಿಂದಿನ ಪೋರ್ಟಿನ ಬಳಿ ನೀರು ಒಳಗೆ ಎಳೆದುಕೊಂಡು ಸದ್ದು ಬದಲಾಯಿತು. ವಾಷರನ್ನು ಅರದಿಂದ ಮೆಟ್ಟಿಲಿನಂತೆ ಉಜ್ಜಿ ಕೂರಿಸಿ, ಹೊಸ ಗ್ಯಾಸ್ಕೆಟ್ ಹಾಕಿದ ಮೇಲೆ ಮುಳ್ಳು 17ಕ್ಕೆ ಏರಿತು. ಹೆಚ್ಚುವರಿ ಗಾಳಿಯಿಂದ ಪೆಟ್ರೋಲ್-ಗಾಳಿಯ ಮಿಶ್ರಣ ತೆಳುವಾದರೂ ಉರಿ ನಿಧಾನವಾಗುತ್ತದೆ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಹಳೆಯ ಕಾರ್ಬ್ಯುರೇಟರಿನ ಮಿಶ್ರಣವನ್ನು ಹೇಗೂ ತೆಳುವಾಗಿಸುತ್ತದೆ. ಹಾಗಾಗಿ ಪೆಟ್ರೋಲ್ ಬಿಡುವ ಮುಖ್ಯ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿದೆ.

ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯುವವರು ಒಂದು ವಿಷಯ ತಿಳಿದಿರಬೇಕು. ಇದರ ಎಕ್ಸಾಸ್ಟ್‌ಗೆ ಮೂರೇ ಪೋರ್ಟ್. ಎರಡು ಮತ್ತು ಮೂರನೇ ಸಿಲಿಂಡರ್ ನಡುವಿನದನ್ನು ಹಂಚಿಕೊಳ್ಳುತ್ತವೆ. ಅದು ಅಕ್ಕಪಕ್ಕದವುಗಳಿಗಿಂತ ಯಾವಾಗಲೂ ಬಿಸಿ, ಅದನ್ನು ದೋಷವೆಂದು ತಿಳಿಯಬಾರದು. 500 ಕಿಲೋಮೀಟರ್ ಓಡಿದ ಮೇಲೆ ಹೆಡ್ ನಟ್‌ಗಳನ್ನು ಮತ್ತೆ ಬಿಗಿ ಮಾಡಿ ವಾಲ್ವ್ ಗ್ಯಾಪ್ ಅಳೆದೆ. ಎಕ್ಸಾಸ್ಟ್ ವಾಲ್ವ್‌ಗಳ ಕಡೆಗೇ ನನ್ನ ಕಣ್ಣು, ಏಕೆಂದರೆ ಆ ಕೆಂಪು ಶಾಖ ಮೊದಲು ದಾಟಿದ್ದು ಅವುಗಳ ಅಂಚನ್ನು. ಸೀಸವಿಲ್ಲದ ಪೆಟ್ರೋಲಿಗೆಂದು ಹಾಕಿಸಿದ್ದ ಗಟ್ಟಿ ವಾಲ್ವ್ ಸೀಟುಗಳು ಕುಸಿದಿರಲಿಲ್ಲ. ಎರಡನೆಯದು ಮಾತ್ರ ಕೂದಲೆಳೆಯಷ್ಟು ಬಿಗಿಯಾಗಿತ್ತು. ಅದನ್ನು ಮತ್ತೆ 0.015ಕ್ಕೆ ತಂದೆ. ಪ್ಲಗ್‌ಗಳು ನಾಲ್ಕೂ ಬಿಸ್ಕತ್ತಿನ ಬಣ್ಣದಲ್ಲಿದ್ದವು.