ಮಗುವಿನ ಚಡ್ಡಿಯಲ್ಲಿ ಬಿಳಿ ತುಣುಕು ಕಂಡರೆ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಮನೆಗಳಲ್ಲಿ ನಾಯಿ, ಬೆಕ್ಕು ಇಲ್ಲದ ಜಗಲಿ ಕಡಿಮೆ. ಅಂಥ ಮನೆಯ ಮಗುವಿನ ಚಡ್ಡಿಯಲ್ಲೋ ಮಲದಲ್ಲೋ ಬಿಳಿ ತುಣುಕು ಕಂಡಿತು ಅನ್ನಿ. ಅದು ನಾಯಿ, ಬೆಕ್ಕಿನ ಲಾಡಿಹುಳದ ತುಣುಕಾಗಿರಬಹುದು. ಗಾಬರಿಯಲ್ಲಿ ಅದನ್ನು ತೊಳೆದು, ಮೆಡಿಕಲ್‌ನಿಂದ ಹುಳದ ಮಾತ್ರೆ ತಂದು ನುಂಗಿಸಬೇಡಿ. ರೋಗ ಗುರುತಿಸಲು ಆ ತುಣುಕೇ ಬೇಕು.

ಮೊದಲು ಸರಿಯಾಗಿ ನೋಡಿ. ನಾಯಿ, ಬೆಕ್ಕಿನ ಲಾಡಿಹುಳದ ತುಣುಕು ಸೌತೆಬೀಜದ ಹಾಗಿರುತ್ತದೆ. ಉದ್ದ 1 ಸೆಂಟಿಮೀಟರ್ ಆಸುಪಾಸು. ಹೊಸತಾದರೆ ಕುಗ್ಗಿ ಹಿಗ್ಗಿ ಮೆಲ್ಲಗೆ ಹರಿದಾಡುತ್ತದೆ, ಒಣಗಿದರೆ ಹಳದಿಯಾಗಿ ಗಟ್ಟಿಯಾಗುತ್ತದೆ. ತೀರಾ ಸಪೂರ ಹುಳು, ರಾತ್ರಿ ಗುದದ ಹತ್ತಿರ ತುರಿಕೆ ಜಾಸ್ತಿ ಅಂದರೆ ಅದು ಮಕ್ಕಳಲ್ಲಿ ಸಾಮಾನ್ಯವಾದ ಬೇರೊಂದು ಹುಳು. ಇವೆರಡು ಅದಲುಬದಲಾಗುವುದುಂಟು. ಶಾಲೆ, ಅಂಗನವಾಡಿಯಲ್ಲಿ ಕೊಡುವ ಅಲ್ಬೆಂಡಜೋಲ್ ಸಪೂರ ಹುಳದ ಮೇಲೆ ಕೆಲಸ ಮಾಡುತ್ತದೆ. ನಾಯಿಯ ಲಾಡಿಹುಳಕ್ಕೆ ಅದನ್ನು ನಂಬಿ ಕೂರುವಂತಿಲ್ಲ. ಅದಕ್ಕೆ ಪ್ರಾಜಿಕ್ವಾಂಟೆಲ್ ಬೇಕು, ಮಗುವಿನ ತೂಕ ನೋಡಿ ಡಾಕ್ಟರೇ ಬರೆದುಕೊಡಬೇಕು.

ತುಣುಕನ್ನು ಕಡ್ಡಿಯಿಂದ ಎತ್ತಿ ಪುಟ್ಟ ಬಾಟಲಿಗೆ ಹಾಕಿ. ಮುಳುಗುವಷ್ಟು ಸರ್ಜಿಕಲ್ ಸ್ಪಿರಿಟ್ ಸುರಿದು, ತಾರೀಕು ಬರೆದು ಅಂಟಿಸಿ. ಒಣಗಿದ್ದಾದರೂ ಪರವಾಗಿಲ್ಲ, ಎಸೆಯಬೇಡಿ. ಹರಿದಾಡುತ್ತಿದ್ದರೆ ಮೊದಲು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ.

ಮಲ ಪರೀಕ್ಷೆಗೆ ಬೇರೆಯೇ ಡಬ್ಬಿ. ಮೂತ್ರ ಸೇರಬಾರದು, ಸ್ಪಿರಿಟ್ ಹಾಕಬಾರದು. ಬೇರೆ ಬೇರೆ ದಿನ ಮೂರು ಸಲ ಕೊಟ್ಟರೆ ಒಳ್ಳೆಯದು. ಈ ಹುಳದ ಮೊಟ್ಟೆಗಳು ಹೆಚ್ಚಾಗಿ ತುಣುಕಿನೊಳಗೇ ಉಳಿಯುತ್ತವೆ, ತುಣುಕೂ ದಿನಾ ಬೀಳುವುದಿಲ್ಲ. ಹಾಗಾಗಿ ‘ಏನೂ ಇಲ್ಲ’ ಎಂಬ ಒಂದು ರಿಪೋರ್ಟ್ ನೋಡಿ ಸುಮ್ಮನಾಗಬೇಡಿ. ಲ್ಯಾಬ್‌ನವರು ತುಣುಕನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎರಡೂ ಅಂಚಿನಲ್ಲಿ ಒಂದೊಂದು ರಂಧ್ರ, ಒಳಗೆ ಗೊಂಚಲು ಗೊಂಚಲು ಮೊಟ್ಟೆ ಕಾಣುತ್ತದೆ. ಹಂದಿ, ದನದ ಮಾಂಸದಿಂದ ಬರುವ ಲಾಡಿಹುಳದ ತುಣುಕಿಗೆ ರಂಧ್ರ ಒಂದೇ ಬದಿಗೆ.

ಡಾಕ್ಟರು ಕೇಳದಿದ್ದರೂ ಮನೆಯಲ್ಲಿ ನಾಯಿ, ಬೆಕ್ಕು ಇರುವುದನ್ನು ನೀವೇ ಹೇಳಿ. ಅವುಗಳ ಮೈಯಲ್ಲಿ ಚಿಗಟ ಇದ್ದರೆ ಅದನ್ನೂ ಹೇಳಿ. ನಾಯಿಯನ್ನು ಮುದ್ದು ಮಾಡಿದ್ದಕ್ಕೇ ಈ ಹುಳು ಬರುವುದಲ್ಲ. ಹುಳದ ಮೊಟ್ಟೆಯನ್ನು ಚಿಗಟದ ಮರಿ ತಿನ್ನುತ್ತದೆ. ಅದು ಬೆಳೆದು ಚಿಗಟವಾಗಿ ಮಗುವಿನ ಬಾಯಿ ಸೇರಿದರೆ ಹುಳು ಹೊಟ್ಟೆಗೆ ಬರುತ್ತದೆ. ನಾಯಿ ಮಲಗುವ ಗೋಣಿಯ ಪಕ್ಕದಲ್ಲೇ ಅಂಬೆಗಾಲಿಡುವ ಮಕ್ಕಳಿಗೆ ಅದು ಸುಲಭ, ಅಲ್ವಾ? ಉಣುಗಿನಿಂದ ಇದು ಬರುವುದಿಲ್ಲ.

ನಾಯಿಯಿಂದಲೇ ಬರುವ ಇನ್ನೊಂದು ಲಾಡಿಹುಳು ಇದೆ, ಅದು ನಿಜಕ್ಕೂ ಅಪಾಯಕಾರಿ. ಕುರಿ, ಆಡಿನ ಕಸಾಯಿ ತ್ಯಾಜ್ಯ ತಿಂದ ನಾಯಿಯ ಮಲದಲ್ಲಿರುವ ಮೊಟ್ಟೆ ನೇರವಾಗಿ ನಮ್ಮ ಹೊಟ್ಟೆ ಸೇರಿ, ಲಿವರ್‌ನಲ್ಲೋ ಶ್ವಾಸಕೋಶದಲ್ಲೋ ನೀರುಗುಳ್ಳೆ ಬೆಳೆಯುತ್ತದೆ. ವರ್ಷಗಟ್ಟಲೆ ಸುಳಿವೇ ಇರುವುದಿಲ್ಲ. ಮಲ ಪರೀಕ್ಷೆಯಲ್ಲಿ ಇದು ಸಿಗದು. ಹೊಟ್ಟೆಗೆ ಅಲ್ಟ್ರಾಸೌಂಡ್, ಎದೆಗೆ ಎಕ್ಸ್‌ರೇ, ಜೊತೆಗೆ ರಕ್ತ ಪರೀಕ್ಷೆ ಬೇಕು. ಗುಳ್ಳೆಗೆ ಸೂಜಿ ಚುಚ್ಚುವ ಮಾತು ಬಂದರೆ ಅನುಭವಿ ತಜ್ಞರಲ್ಲಿಗೇ ಹೋಗಿ. ಒಳಗಿನ ನೀರು ಚೆಲ್ಲಿದರೆ ಜೀವಕ್ಕೇ ಅಪಾಯವಾಗುವ ಅಲರ್ಜಿ ಆಗಬಹುದು.

ಮಗುವಿಗೆ ಮದ್ದು ಶುರುವಾದಾಗಲೇ ನಾಯಿಯನ್ನೂ ಮೃಗಾಸ್ಪತ್ರೆಗೆ ಕರೆದೊಯ್ಯಿರಿ. ಹುಳಕ್ಕೂ ಮದ್ದು ಕೇಳಿ, ಚಿಗಟಕ್ಕೂ ಕೇಳಿ. ಚಿಗಟ ಉಳಿದರೆ ಹುಳು ಮತ್ತೆ ಬರುತ್ತದೆ. ನಾಯಿ ಮಲಗುವ ಗೋಣಿಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ.